ದತ್ತು ಮಗಳ ಕಥೆಗೆ ಒಂದು ಆಲ್ಬಮ್: ಯಾವ ಪುಟದಿಂದ ಆರಂಭಿಸಬೇಕು?

ಪ್ರಶ್ನೆ: ಸಾಗರದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಒಂಬತ್ತು ತಿಂಗಳ ಕೂಸಾಗಿದ್ದಾಗ ಕಾರಾ (ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ, ಬೇರೆ ಜಿಲ್ಲೆಯ ಒಂದು ದತ್ತು ಕೇಂದ್ರದಿಂದ ಅವಳು ನಮ್ಮ ಮನೆಗೆ ಬಂದಳು. ಈ ಸಂಗತಿಯನ್ನು ಅವಳಿಂದ ಮುಚ್ಚಿಡಬಾರದೆಂದು ನಾನೂ ನನ್ನ ಪತಿಯೂ ಮೊದಲೇ ನಿರ್ಧರಿಸಿದ್ದೆವು. ರಾತ್ರಿ ಮಲಗುವಾಗ ಅವಳು ಬಂದ ದಿನದ ಕಥೆಯನ್ನು ಅವಳೇ ಕೇಳಿ ಹೇಳಿಸಿಕೊಳ್ಳುತ್ತಾಳೆ. ಅದನ್ನು ಈಗ ಸ್ಕ್ರ್ಯಾಪ್‌ಬುಕ್ ರೂಪದಲ್ಲಿ, ಫೋಟೋ, ಕಾಗದ, ಬಟ್ಟೆಯ ತುಂಡು, ನಮ್ಮ ಕೈಬರಹ ಎಲ್ಲವನ್ನೂ ಸೇರಿಸಿ ಸಿದ್ಧಪಡಿಸಬೇಕೆಂದಿದ್ದೇನೆ.

ನನ್ನ ಬಳಿ ಇರುವುದು ಇಷ್ಟು: ಮೊದಲ ಬಾರಿಗೆ ಮೊಬೈಲಿನಲ್ಲಿ ನೋಡಿದ ಅವಳ ಫೋಟೋ, ಕೇಂದ್ರದವರು ಕೊಟ್ಟ ಕೆಲವು ಚಿತ್ರಗಳು, ಅವಳು ತೊಟ್ಟು ಬಂದ ಫ್ರಾಕ್, ನಾವು ಪ್ರಯಾಣಿಸಿದ ಬಸ್ಸಿನ ಟಿಕೆಟು, ಜಿಲ್ಲಾಧಿಕಾರಿಗಳ ದತ್ತು ಆದೇಶ, ಮತ್ತು ಪೋಷಕರ ಪತ್ತೆಗಾಗಿ ಪತ್ರಿಕೆಯಲ್ಲಿ ಅವಳ ಚಿತ್ರದೊಂದಿಗೆ ಬಂದಿದ್ದ ಪ್ರಕಟಣೆಯ ತುಣುಕು. ಈ ಕೊನೆಯದನ್ನು ಸೇರಿಸುವುದೋ ಬೇಡವೋ ಎಂಬುದೇ ನನ್ನ ದೊಡ್ಡ ಗೊಂದಲ. ನಮ್ಮ ಅತ್ತೆಯವರು ಮೊಮ್ಮಗಳನ್ನು ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆ. ಆದರೆ ಆಲ್ಬಮ್ ತೊಟ್ಟಿಲು ಶಾಸ್ತ್ರದ ಫೋಟೋದಿಂದಲೇ ಆರಂಭವಾಗಲಿ, ಹಿಂದಿನದೆಲ್ಲ ಏಕೆ ಬೇಕು ಎನ್ನುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಇವುಗಳನ್ನು ಕಾಪಾಡುವ ಬಗೆಯನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಧಾರವಾಡದಿಂದ ಒಬ್ಬ ತಂದೆ

ನಮ್ಮ ಮಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ಅವನ ಆಲ್ಬಮನ್ನು ಅವನ ಬಾಲ್ಯದಿಂದಲೂ ಬೆಳೆಸುತ್ತ ಬಂದಿರುವುದರಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ. ತಂದೆತಾಯಿ ಇಂಥ ಪುಸ್ತಕ ಮಾಡಲು ಕುಳಿತಾಗ ಅದು ಸಹಜವಾಗಿಯೇ ಅವರ ಕಥೆಯಾಗಿಬಿಡುತ್ತದೆ: ಎಷ್ಟು ವರ್ಷ ಕಾದೆವು, ಯಾವ ಆಸ್ಪತ್ರೆಗೆ ಅಲೆದೆವು, ಯಾವ ದೇವರಿಗೆ ಹರಕೆ ಹೊತ್ತೆವು ಎಂಬುದರಿಂದ ಆರಂಭವಾಗಿ, ಮಗು ಆ ಕಾಯುವಿಕೆಗೆ ಸಿಕ್ಕ ಫಲವಾಗಿ ನಡುವೆ ಎಲ್ಲೋ ಬರುತ್ತದೆ. ಆದರೆ ನಿಮ್ಮ ಮಗಳ ಬದುಕು ನೀವು ಅರ್ಜಿ ಹಾಕಿದ ದಿನ ಆರಂಭವಾದದ್ದಲ್ಲ, ತೊಟ್ಟಿಲು ಶಾಸ್ತ್ರದ ದಿನವೂ ಅಲ್ಲ. ಆದ್ದರಿಂದ ಮೊದಲ ಪುಟ ಅವಳು ಹುಟ್ಟಿದ್ದರ ಬಗ್ಗೆಯೇ ಇರಲಿ, ನಿಮಗೆ ಗೊತ್ತಿರುವುದು ಒಂದೇ ಸಾಲಾದರೂ ಸರಿ. ಹುಟ್ಟಿದ ತಿಂಗಳು, ಊರು, ಆ ಕಾಲದ ಮಳೆ ಬೆಳೆ, ಕೇಂದ್ರಕ್ಕೆ ಬಂದಾಗಿನ ತೂಕ, ಅಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು ಇವೆಲ್ಲ ಅಲ್ಲಿಗೆ ಸೇರಬೇಕು. ಹೆಚ್ಚಿನವರು ಮನೆಗೆ ಬಂದ ಮೇಲೆ ಹೊಸ ಹೆಸರಿಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅಷ್ಟು ದಿನ ಆ ಕೂಸು ಓಗೊಟ್ಟ ಹೆಸರನ್ನು ಬರೆದಿಡದಿದ್ದರೆ ಮುಂದೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ದತ್ತಿಗೆ ಮೊದಲು ನೀವು ನೋಡಿದ ‘ಮಗುವಿನ ಅಧ್ಯಯನ ವರದಿ’ (ಮಗುವಿನ ಹಿನ್ನೆಲೆಯ ವಿವರ) ಮತ್ತು ವೈದ್ಯಕೀಯ ವರದಿಯಲ್ಲಿ ಇಂಥ ಸಣ್ಣ ವಿವರಗಳು ಇರುತ್ತವೆ. ಇನ್ನೊಮ್ಮೆ ಬಿಡಿಸಿ ನೋಡಿ. ಸಾಧ್ಯವಿದ್ದರೆ ಕೇಂದ್ರಕ್ಕೆ ಹೋಗಿ, ಅಥವಾ ಫೋನಿನಲ್ಲಾದರೂ, ಅವಳನ್ನು ಎತ್ತಿ ಆಡಿಸಿದ ಆಯಾ ಅವರನ್ನು ಮಾತನಾಡಿಸಿ: ಅವಳು ಹೇಗೆ ಮಲಗುತ್ತಿದ್ದಳು, ಯಾವ ಹಾಡಿಗೆ ಅಳು ನಿಲ್ಲಿಸುತ್ತಿದ್ದಳು, ಮೊದಲ ಹಲ್ಲು ಯಾವಾಗ ಬಂತು ಎಂದು ಕೇಳಿ. ಅಲ್ಲಿನ ಸಿಬ್ಬಂದಿ ಬದಲಾಗುತ್ತಿರುತ್ತಾರೆ, ಆದ್ದರಿಂದ ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಅತ್ತೆಯವರಿಗೆ ಆ ಆಲ್ಬಮಿನಲ್ಲಿ ಅವರದೇ ಒಂದು ಪುಟ ಕೊಡಿ, ಮೊಮ್ಮಗಳನ್ನು ಮೊದಲ ಸಲ ಮಡಿಲಿಗೆ ಹಾಕಿಕೊಂಡ ಗಳಿಗೆಯನ್ನು ಅವರ ಕೈಬರಹದಲ್ಲೇ ಬರೆಯಲಿ. ಹಿಂದಿನ ಪುಟಗಳ ಬಗೆಗಿನ ಅವರ ಅಳುಕು ಇದರಿಂದ ಕಡಿಮೆಯಾಗಬಹುದೆಂದು ನನಗನಿಸುತ್ತದೆ.

ಉತ್ತರ 2: ದತ್ತು ಕುಟುಂಬಗಳ ಆಪ್ತಸಮಾಲೋಚಕಿ, ಬೆಂಗಳೂರು

ಪತ್ರಿಕೆಯ ತುಣುಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಪ್ರಶ್ನೆ ಬಹಳ ಕುಟುಂಬಗಳಲ್ಲಿದೆ. ಪೋಷಕರಿಲ್ಲದೆ ಸಿಕ್ಕ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ ಮೇಲೆ ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಯಲೇಬೇಕು. ಪತ್ರಿಕಾ ಪ್ರಕಟಣೆ ಅದರ ಒಂದು ಭಾಗ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗಿನ ಮಗುವಿನ ವಿಷಯದಲ್ಲಿ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿನ ವಿಷಯದಲ್ಲಿ ನಾಲ್ಕು ತಿಂಗಳ ಅವಧಿಯಿದ್ದು, ವಿಚಾರಣೆಯ ಬಳಿಕವೇ ಸಮಿತಿಯು ಮಗು ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ಅಂದರೆ ಆ ತುಣುಕು ಹೇಳುವುದು ‘ನಿನ್ನನ್ನು ಯಾರೋ ಬಿಟ್ಟುಹೋದರು’ ಎಂಬುದನ್ನು ಮಾತ್ರವಲ್ಲ. ‘ನಿನ್ನವರಿಗಾಗಿ ಹುಡುಕಿದರು, ನಿನ್ನ ಮುಖವನ್ನು ಊರಿಗೆಲ್ಲ ತೋರಿಸಿ ಕೇಳಿದರು’ ಎಂಬುದನ್ನೂ ಹೇಳುತ್ತದೆ. ಅಷ್ಟೇ ಅಲ್ಲ, ಬಹಳ ಮಕ್ಕಳ ವಿಷಯದಲ್ಲಿ ಅದು ಅವರ ಅತ್ಯಂತ ಹಳೆಯ ಚಿತ್ರವೂ ಆಗಿರುತ್ತದೆ. ಅದನ್ನು ಎಸೆಯುವ ಅಧಿಕಾರ ನಮಗಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಆದರೆ ನಾಲ್ಕು ವರ್ಷದ ಮಗು ತಿರುವಿ ನೋಡುವ, ಬಂದ ನೆಂಟರೂ ಕೈಗೆತ್ತಿಕೊಳ್ಳುವ ಪುಸ್ತಕದಲ್ಲಿ ಅದು ಇರಬೇಕಾಗಿಲ್ಲ. ಎರಡು ಪುಸ್ತಕ ಮಾಡಿ. ಒಂದು ಎಲ್ಲರೂ ನೋಡುವ ಆಲ್ಬಮ್. ಇನ್ನೊಂದು ಅವಳಿಗಾಗಿ ಮಾತ್ರ ಕಾದಿರಿಸಿದ ಫೈಲು. ತುಣುಕು, ಸಮಿತಿಯ ಆದೇಶದ ಪ್ರತಿ, ವೈದ್ಯಕೀಯ ವರದಿ, ಸಿಕ್ಕ ಸ್ಥಳದ ವಿವರ ಈ ಎರಡನೆಯದರಲ್ಲಿರಲಿ. ಅವಳ ಪ್ರಶ್ನೆಗಳು ಬೆಳೆದಂತೆ ನಿಮ್ಮ ಜೊತೆ ಕುಳಿತು ಅದನ್ನು ನೋಡಲಿ. ಯಾವುದನ್ನೂ ಫೇಸ್‌ಬುಕ್ಕಿಗಾಗಲಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗಾಗಲಿ ಹಾಕಬೇಡಿ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಹೊರಬೀಳದಂತೆ ಅದೇ ಕಾಯ್ದೆಯ 74ನೇ ಕಲಮು ನಿರ್ಬಂಧ ಹಾಕಿದೆ. ಕಾನೂನಿನ ಮಾತು ಹಾಗಿರಲಿ, ತನ್ನ ಕಥೆಯನ್ನು ಯಾರಿಗೆ ಹೇಳಬೇಕೆಂದು ಮುಂದೆ ಅವಳೇ ತೀರ್ಮಾನಿಸುವಂತಿರಬೇಕು.

ಬರೆಯುವ ವಾಕ್ಯಗಳಲ್ಲಿ ಗೊತ್ತಿಲ್ಲದ್ದನ್ನು ತುಂಬಬೇಡಿ. ‘ನಿನ್ನ ಹೆತ್ತ ತಾಯಿ ನಿನ್ನನ್ನು ತುಂಬಾ ಪ್ರೀತಿಸುತ್ತಿದ್ದಳು, ಅದಕ್ಕೇ ನಿನ್ನನ್ನು ಬಿಟ್ಟುಕೊಟ್ಟಳು’ ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ತಿಳಿದಿಲ್ಲ, ಮತ್ತು ಪ್ರೀತಿಸುವವರು ಬಿಟ್ಟುಹೋಗುತ್ತಾರೆ ಎಂಬ ಅರ್ಥವನ್ನು ಎಳೆಯ ಮಗು ಸುಲಭವಾಗಿ ಹಚ್ಚಿಕೊಳ್ಳುತ್ತದೆ. ನಾಳೆ ನೀವೂ ಪ್ರೀತಿಸುವವರೇ ಅಲ್ಲವೇ? ‘ಅವರಿಗೆ ಆಗ ಯಾವ ಮಗುವನ್ನೂ ಸಾಕಲು ಸಾಧ್ಯವಿರಲಿಲ್ಲವೆಂದು ತೋರುತ್ತದೆ, ಕಾರಣ ನಮಗೆ ಗೊತ್ತಿಲ್ಲ, ಅದರಲ್ಲಿ ನಿನ್ನ ತಪ್ಪು ಏನೂ ಇರಲಿಲ್ಲ’ ಎಂದು ಬರೆದರೆ ಸಾಕು. ಹಾಗೆಯೇ ‘ನಾವು ನಿನ್ನನ್ನು ಕಾಪಾಡಿದೆವು’ ಎಂಬ ಧಾಟಿಯೂ ಬೇಡ. ಮಗುವಿನ ಮೇಲೆ ಋಣದ ಭಾರ ಹೇರುವ ವಾಕ್ಯ ಒಂದೂ ಇರಬಾರದು.

ಉತ್ತರ 3: ಹಳೆಯ ಫೋಟೋ, ಕಾಗದಗಳ ಸಂರಕ್ಷಣೆಯ ಕೆಲಸ ಮಾಡುವವರು, ಮೈಸೂರು

ಮಳೆಗಾಲದ ಪ್ರಶ್ನೆಗೆ ಉತ್ತರಿಸುತ್ತೇನೆ. ಬಸ್ಸಿನ ಯಂತ್ರದ ಟಿಕೆಟು ಶಾಖದಿಂದ ಮುದ್ರಣವಾಗುವ ಕಾಗದ, ಅದರ ಅಕ್ಷರ ತಾನಾಗಿ ಮಾಸಿಹೋಗುತ್ತದೆ. ಇಂದೇ ಸ್ಕ್ಯಾನ್ ಮಾಡಿಸಿ. ಪತ್ರಿಕೆಯ ಕಾಗದವೂ ಹಳದಿಯಾಗಿ ಪುಡಿಯಾಗುತ್ತದೆ, ತಗುಲಿಕೊಂಡ ಫೋಟೋವನ್ನೂ ಕೆಡಿಸುತ್ತದೆ. ಆಮ್ಲರಹಿತ ಕಾಗದದ ಮೇಲೆ ಅದರ ಪ್ರತಿ ತೆಗೆಸಿ, ಮೂಲವನ್ನು ಬೇರೆ ಲಕೋಟೆಯಲ್ಲಿಡಿ. ಪುಟಕ್ಕೇ ಅಂಟು ಸವರಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ ನೋಡಲು ಚೆಂದ, ಆದರೆ ಕೆಲವು ವರ್ಷಗಳ ಮೇಲೆ ಫೋಟೋ ಬಿಡಿಸಲು ಬರುವುದಿಲ್ಲ. ಮೂಲೆಗಳನ್ನು ಸಿಕ್ಕಿಸುವ ಕಾಗದದ ಹಿಡಿಕೆಗಳನ್ನೇ ಬಳಸಿ. ಪಿವಿಸಿ ಲಕೋಟೆ ಬೇಡ, ಪಾಲಿಪ್ರೊಪಿಲೀನ್ ಆಗಬಹುದು. ಮೈದಾ ಅಂಟು ಜಿರಳೆಗೂ ಹುಳಕ್ಕೂ ಆಹಾರ. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆಯಿರಿ. ಮನೆಯ ಇಂಕ್‌ಜೆಟ್ ಮುದ್ರಣಗಳಲ್ಲಿ ಹಲವು ತೇವಕ್ಕೆ ಹರಡುತ್ತವೆ, ಆದ್ದರಿಂದ ಸ್ಟುಡಿಯೋದಲ್ಲಿ ಮುದ್ರಿಸಿ. ದತ್ತು ಆದೇಶವನ್ನಾಗಲಿ ಜನನ ಪ್ರಮಾಣಪತ್ರವನ್ನಾಗಲಿ ಲ್ಯಾಮಿನೇಟ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಕಾಗದವನ್ನು ಹಾನಿಯಿಲ್ಲದೆ ಹೊರತೆಗೆಯಲಾಗದು. ಆಲ್ಬಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ ಒಳಗೋಡೆಯ ಕಡೆ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಿಸಿ, ಬಿಸಿಲು ಬಂದ ದಿನ ಕೋಣೆಯ ಗಾಳಿಗೆ ತೆರೆದಿಡಿ. ಫ್ರಾಕನ್ನು ಕತ್ತರಿಸದೆ, ಗಂಜಿ ಹಾಕದೆ ಒಗೆದು ಒಣಗಿಸಿ, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಅದರ ಫೋಟೋವನ್ನು ಮಾತ್ರ ಆಲ್ಬಮಿಗೆ ಸೇರಿಸುವುದು ಮೇಲು.

ಉತ್ತರ 4: ದತ್ತು ಬಂದ ಮಗಳು, ಮಂಗಳೂರು

ನಾನು ಚಿಕ್ಕಂದಿನಲ್ಲೇ ದತ್ತು ಬಂದವಳು, ಈಗ ಉದ್ಯೋಗದಲ್ಲಿದ್ದೇನೆ. ನನ್ನ ಅಮ್ಮ ಮಾಡಿದ ಪುಸ್ತಕದಲ್ಲಿ ನನಗೆ ಇಂದಿಗೂ ಹೆಚ್ಚು ಪ್ರಿಯವಾದದ್ದು ಒಂದು ಬಹುತೇಕ ಖಾಲಿ ಪುಟ. ಅದರ ಮೇಲ್ಭಾಗದಲ್ಲಿ ‘ಈ ತಿಂಗಳುಗಳ ಬಗ್ಗೆ ನಮಗೆ ತಿಳಿದಿಲ್ಲ, ತಿಳಿದಾಗ ಇಲ್ಲಿ ಬರೆಯೋಣ’ ಎಂದಿದೆ. ಆ ಪುಟವಿದ್ದುದರಿಂದ ಅಮ್ಮ ನನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾರೆಂಬ ಸಂಶಯ ನನಗೆ ಎಂದೂ ಬರಲಿಲ್ಲ, ಮತ್ತು ಕೇಳಲು ಅನುಮತಿಯಿದೆ ಎಂಬುದೂ ತಿಳಿದಿತ್ತು. ಶಾಲೆಯಲ್ಲಿ ವಂಶವೃಕ್ಷ ಬರೆದು ತನ್ನಿ, ಎಳೆಗೂಸಾಗಿದ್ದಾಗಿನ ಫೋಟೋ ತನ್ನಿ ಎಂದು ಹೇಳುವ ದಿನ ನಿಮ್ಮ ಮಗಳಿಗೂ ಬರುತ್ತದೆ. ಅದಕ್ಕೆ ಮೊದಲೇ, ಯಾವುದನ್ನು ತರಗತಿಗೆ ಒಯ್ಯಬೇಕು, ಯಾವುದು ಮನೆಯಲ್ಲೇ ಇರಲಿ ಎಂದು ಅವಳ ಜೊತೆ ಮಾತನಾಡಿಕೊಳ್ಳಿ.

ಇನ್ನೊಂದು ಮಾತು. ಐದಾರು ವರ್ಷವಾಗುತ್ತಿದ್ದಂತೆ ಅವಳ ಕೈಗೂ ಬಣ್ಣದ ಪೆನ್ಸಿಲು ಕೊಡಿ, ತನ್ನ ಪುಟವನ್ನು ತಾನೇ ಅಲಂಕರಿಸಲಿ. ಅವಳು ಹೆತ್ತ ತಾಯಿಯ ಚಿತ್ರ ಬರೆದು ಅಂಟಿಸಬೇಕೆಂದರೆ ಅದಕ್ಕೂ ಜಾಗವಿರಲಿ. ನಿಮ್ಮ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ಪುಸ್ತಕಗಳ ಸಲಹೆಯನ್ನು ಅತ್ತೆಯವರಿಗೆ ಓದಿ ಹೇಳಿದೆ, ಒಪ್ಪಿದರು. ತೊಟ್ಟಿಲಲ್ಲಿ ಹಾಡಿದ ಜೋಗುಳವನ್ನು ತಮ್ಮ ಪುಟದಲ್ಲಿ ಬರೆಯುತ್ತಾರಂತೆ. ಸಮಾಲೋಚಕರಲ್ಲಿ ಒಂದು ಪ್ರಶ್ನೆ ಉಳಿದಿದೆ: ಮುಂದೆ ಅವಳು ಹೆತ್ತವರನ್ನು ಹುಡುಕಬೇಕೆಂದರೆ ಈ ಫೈಲಿನಲ್ಲಿ ಏನಿರಬೇಕು?

ಉತ್ತರ 2ರ ಸಮಾಲೋಚಕಿ

ದತ್ತು ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿದೆ. 18 ವರ್ಷ ತುಂಬಿದ ಮೇಲೆ ಅವಳು ಸ್ವತಂತ್ರವಾಗಿಯೂ, ಅದಕ್ಕೆ ಮೊದಲು ನಿಮ್ಮೊಂದಿಗೆ ಜಂಟಿಯಾಗಿಯೂ ಮೂಲದ ಮಾಹಿತಿ ಕೋರಬಹುದು. ಆದರೆ ಹೆತ್ತವರ ಖಾಸಗಿತನದ ಹಕ್ಕನ್ನು ಮೀರಿ ಯಾರೂ ಮಾಹಿತಿ ಕೊಡುವಂತಿಲ್ಲ. ಆದ್ದರಿಂದ ಕಾರಾ ನೋಂದಣಿ ಸಂಖ್ಯೆ, ಕೇಂದ್ರದ ಪೂರ್ಣ ಹೆಸರು ಮತ್ತು ಜಿಲ್ಲೆ, ಸಮಿತಿಯ ಆದೇಶದ ಸಂಖ್ಯೆ ಮತ್ತು ದಿನಾಂಕ, ಕೇಂದ್ರದಲ್ಲಿದ್ದಾಗಿನ ಹೆಸರು, ಜಿಲ್ಲಾಧಿಕಾರಿಗಳ ಆದೇಶ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೊದಲಿಗೆ ಇಡಿ. ದತ್ತಿನ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗುವನ್ನು ಭೇಟಿಮಾಡಿ ತಯಾರಿಸುವ ಅನುಸರಣಾ ವರದಿಗಳ ಪ್ರತಿ ಸಿಕ್ಕಿದ್ದರೆ ಅವನ್ನೂ ಸೇರಿಸಿ. ಆ ಭೇಟಿಗಳಲ್ಲಿ ತೆಗೆದ ಫೋಟೋಗಳು ಮಾತ್ರ ಎಲ್ಲರೂ ನೋಡುವ ಆಲ್ಬಮಿನಲ್ಲೇ ಇರಲಿ.