ಕಸದ ಬಿಲ್ಲು ಬೇರೆಯವರ ಕೈಗೆ ಹೋದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಅತ್ತಿಗೆ ಈಗ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾರೆ. ಅಲ್ಲಿಯ ನಗರಾಡಳಿತದಿಂದ ಅವರ ಮನೆಗೆ ಒಂದು ಕಾಗದ ಬಂದಿದೆ. ಇಷ್ಟು ದಿನ ಕಸದ ಬಿಲ್ಲನ್ನು ನಗರಾಡಳಿತವೇ ಕಳಿಸುತ್ತಿತ್ತು. ಇನ್ನು ಮೇಲೆ ಅದು ನೀರು, ಕರೆಂಟು ಕೊಡುವವರ ಬಿಲ್ಲಿನಲ್ಲೇ ಸೇರಿ ಬರುತ್ತದೆ. ವಿಷಯ ಇಷ್ಟೇ. ಅತ್ತಿಗೆ ಅದನ್ನು ಫೋನಿನಲ್ಲೇ ಕನ್ನಡಕ್ಕೆ ಮಾಡಿಕೊಂಡು ಓದಿದರು. ‘ಕಸದ ಬಿಲ್ಲಿಂಗ್ ಅನ್ನು ಸ್ಥಳೀಯ ಉಪಯುಕ್ತತೆ ಪೂರೈಕೆದಾರರಿಗೆ ವರ್ಗಾಯಿಸಲಾಗುತ್ತಿದೆ’ ಎಂದು ಬಂತಂತೆ. ಹಾಸನಕ್ಕೆ ಫೋನ್ ಮಾಡಿ ನನ್ನನ್ನು ಕೇಳಿದರು: “ಹಾಗಾದ್ರೆ ಇನ್ಮೇಲೆ ಕಸ ತಗೊಂಡು ಹೋಗೋಕೆ ಕರೆಂಟಿನೋರು ಬರ್ತಾರಾ?”

ತಪ್ಪು ಅತ್ತಿಗೆಯದಲ್ಲ, ಆ ವಾಕ್ಯದ್ದು. ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಮೊದಲು ‘ಉಪಯುಕ್ತತೆ ಪೂರೈಕೆದಾರ’. ಇದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ನೀರು, ಕರೆಂಟು, ಗ್ಯಾಸು ಎಲ್ಲಕ್ಕೂ ಸೇರಿ ಅಲ್ಲಿ ‘ಯುಟಿಲಿಟಿ’ ಅಂತ ಒಂದೇ ಪದ ಇದೆ. ನಮ್ಮಲ್ಲಿ ಇವು ಬೇರೆ ಬೇರೆ ಕಡೆಯಿಂದ ಬರುತ್ತವೆ. ಹಾಸನದಲ್ಲಿ ಕರೆಂಟು ಚೆಸ್ಕಾಂನದು, ಹೇಮಾವತಿ ನೀರು ಬಿಡುವುದು ಮುನಿಸಿಪಾಲ್ಟಿಯವರು. ಎಲ್ಲವನ್ನೂ ಹಿಡಿಯುವ ಒಂದು ಪದ ನಮಗೆ ಬೇಕಾಗಲೇ ಇಲ್ಲ. ಚೆಸ್ಕಾಂ ಅನ್ನುವ ಹೆಸರೂ ಬಾಯಿಗೆ ಪೂರ್ತಿ ಬಂದಿಲ್ಲ. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, ಆಮೇಲೆ ನಾವು ಮೆಸ್ಕಾಂಗೆ ಸೇರಿದೆವು, 2005ರಲ್ಲಿ ಚೆಸ್ಕಾಂಗೆ ಬಂದೆವು. ಆದರೂ ಕಂಬದ ಫ್ಯೂಸ್ ಹೋದರೆ ನಮ್ಮ ಬೀದಿಯಲ್ಲಿ ಇವತ್ತಿಗೂ “ಕೆಇಬಿಯವರಿಗೆ ಹೇಳಿ” ಅನ್ನುತ್ತಾರೆ. ಹಾಗಾಗಿ ‘ನೀರು-ಕರೆಂಟು ಕೊಡುವ ಸಂಸ್ಥೆ’ ಎಂದು ಬಿಡಿಸಿ ಬರೆಯುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಇನ್ನು ಕಸದ ದುಡ್ಡಿಗೆ ಏನನ್ನಬೇಕು? ನಮ್ಮ ಕಂದಾಯದ ರಸೀದಿಯಲ್ಲಿ ‘ಘನತ್ಯಾಜ್ಯ ಉಪಕರ’ ಎಂದಿರುತ್ತದೆ, ಜನ ಕಸದ ಸೆಸ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಬೆಸ್ಕಾಂ ಬಿಲ್ಲಿಗೆ ಸೇರಿಸುವ ಮಾತು ಹಿಂದೆ ಬಂದಿತ್ತು. ಕೊನೆಗೆ 2025ರಿಂದ ಆಸ್ತಿ ತೆರಿಗೆಯ ಜೊತೆಗೇ ‘ಬಳಕೆದಾರರ ಶುಲ್ಕ’ ಎಂದು ತೆಗೆದುಕೊಳ್ಳುತ್ತಿದ್ದಾರೆ. ತೆರಿಗೆ, ಶುಲ್ಕ ಎರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ತೆರಿಗೆ ‘ತೆರು’ ಎಂಬ ನಮ್ಮದೇ ಮಾತಿನಿಂದ ಬಂದದ್ದು. ಪ್ರತಿಯಾಗಿ ಇಂಥದೇ ಸಿಗಬೇಕು ಅಂತೇನಿಲ್ಲ, ತೆರಲೇಬೇಕು. ಶುಲ್ಕ ಹಾಗಲ್ಲ, ಒಂದು ಕೆಲಸ ಮಾಡಿಕೊಟ್ಟದ್ದಕ್ಕೆ ಕೊಡುವುದು. ಈ ಶುಲ್ಕದ ತದ್ಭವವೇ ಸುಂಕ. ನಮ್ಮ ಬೇಲೂರು, ಹಳೇಬೀಡು ಸುತ್ತಿನ ಹೊಯ್ಸಳರ ಶಾಸನಗಳಲ್ಲಿ ಸುಂಕದ ಮಾತು ಎಷ್ಟು ಸಲ ಬರುತ್ತದೆ! ಆದರೆ ‘ಕಸದ ಸುಂಕ’ ಅಂದರೆ ಈಗ ಸರಿಹೋಗುವುದಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನುವ ಗಾದೆ ನೆನಪಾಗಿಬಿಡುತ್ತದೆ. ಇಲ್ಲಿ ಶುಲ್ಕವೇ ಇರಲಿ.

ನನಗೆ ನಿಜವಾಗಿ ತೊಡಕಾಗಿರುವುದು ‘ವರ್ಗಾಯಿಸು’. ವರ್ಗ ಅಂದರೆ ಮೇಷ್ಟರಿಗೆ, ತಹಶೀಲ್ದಾರರಿಗೆ ಆಗುವಂಥದ್ದು. ಇದ್ದ ಜಾಗ ಬಿಟ್ಟು ಪೂರ್ತಿ ಹೋಗಿಬಿಡುತ್ತಾರೆ. ‘ಹಸ್ತಾಂತರ’ ಅಂದರೆ ಬೀಗದ ಕೈ ಕೊಟ್ಟ ಹಾಗೆ, ಕೊಟ್ಟವರದು ಮತ್ತೇನೂ ಉಳಿಯುವುದಿಲ್ಲ. ಆದರೆ ಇಲ್ಲಿ ಕಸದ ಕೆಲಸ ನಗರಾಡಳಿತದ್ದೇ. ಕಸ ತೆಗೆದುಕೊಂಡು ಹೋಗದಿದ್ದರೆ ದೂರು ಕೊಡಬೇಕಾದದ್ದೂ ಅವರಿಗೇ. ಬಿಲ್ಲು ಕೊಟ್ಟು ದುಡ್ಡು ಪಡೆಯುವ ಕೆಲಸ ಮಾತ್ರ ಇನ್ನೊಬ್ಬರಿಗೆ ಒಪ್ಪಿಸಿದ್ದಾರೆ. ನಮ್ಮಲ್ಲಿ ಹಿಂದೆ ಪಟೇಲರು ಊರಿನ ಕಂದಾಯ ಎತ್ತುತ್ತಿದ್ದರು, ಶಾನುಭೋಗರು ಲೆಕ್ಕ ಬರೆಯುತ್ತಿದ್ದರು. ಹಾಗಂತ ಕಂದಾಯ ಪಟೇಲರದು ಅಂತ ಯಾರೂ ಅಂದುಕೊಂಡಿರಲಿಲ್ಲ. ಆ ಏರ್ಪಾಡಿಗೆ ಹತ್ತಿರದ ಪದ ‘ವಹಿಸು’ ಅನಿಸುತ್ತದೆ. ‘ಕಸದ ಶುಲ್ಕದ ವಸೂಲಿಯನ್ನು ವಹಿಸಲಾಗಿದೆ’. ಆದರೆ ವಸೂಲಿ ಅಂದ ಕೂಡಲೇ ಸಾಲದವರು ಬಾಗಿಲಿಗೆ ಬಂದು ನಿಂತ ಹಾಗಿರುತ್ತದೆ. ‘ಸಂಗ್ರಹ’ ಹಾಕಿದರೆ ‘ಕಸ ಸಂಗ್ರಹ ಶುಲ್ಕ ಸಂಗ್ರಹ’ ಆಗಿ, ಮತ್ತೆ ಅದೇ ಗೊಂದಲ.

ಅತ್ತಿಗೆಗೆ ಕೊನೆಗೆ ಹೀಗೆ ಹೇಳಿದೆ: “ಕಸ ಎತ್ತೋರು ಮೊದಲಿನವರೇ ಅತ್ತಿಗೆ, ದುಡ್ಡು ಎತ್ತೋರು ಮಾತ್ರ ಬೇರೆ.” ಅವರಿಗೆ ತಕ್ಷಣ ತಿಳಿಯಿತು. ಕಂದಾಯ ಎತ್ತು, ಚಂದಾ ಎತ್ತು, ಕಸ ಎತ್ತು, ಎಲ್ಲಕ್ಕೂ ಒಂದೇ ಮಾತು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಬರವಣಿಗೆಗೆ ತಂದರೆ ‘ದುಡ್ಡು ಎತ್ತು’ ಕಳ್ಳತನದ ಹಾಗೆ ಕೇಳಿಸುತ್ತದಾ? ನಿಮ್ಮ ಕಡೆ ಹೇಗೆ? ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು, ಅದರಲ್ಲೂ ಹಳೆಯ ಕಂದಾಯದ ಲೆಕ್ಕಪುಸ್ತಕ ನೋಡಿದವರು, ಒಬ್ಬರ ಪರವಾಗಿ ಇನ್ನೊಬ್ಬರು ಹಣ ತೆಗೆದುಕೊಳ್ಳುವುದಕ್ಕೆ ಯಾವ ಪದ ಇತ್ತು ಅಂತ ದಯವಿಟ್ಟು ತಿಳಿಸಿ.