ಮನೆಯೊಳಗೆ ಬೀಜ ಮೊಳಕೆ: ನರ್ಸರಿಯಕ್ಕನನ್ನ ಕೇಳಿ

ಅಡ್ಮಿನ್: ಕೋಲಾರದ ಕಡೆ ಟ್ರೇ ಸಸಿ ನರ್ಸರಿ ನಡೆಸೋ ನಮ್ಮ ಸದಸ್ಯೆ ಈಗ ಸಿಗ್ತಾರೆ. ಜನವರಿ ಚಳೀಲಿ ಮನೆಯೊಳಗೆ ತರಕಾರಿ ಬೀಜ ಮೊಳಕೆ ಬರಿಸೋದಷ್ಟೇ ವಿಷಯ. ಶುಭಸಂಜೆ ಚಿತ್ರ ಹಾಕ್ಬೇಡಿ.

ತಾರಸಿತೋಟ ಮೈಸೂರು: ನಮಸ್ತೆ ಅಕ್ಕ. ಮೆಣಸಿನ ಬೀಜ ಹಾಕಿ ಎರಡು ವಾರ ಆಯ್ತು, ಒಂದೂ ಎದ್ದಿಲ್ಲ. ಬೀಜ ಸತ್ತೋಯ್ತಾ?

ನರ್ಸರಿಯಕ್ಕ: ನಮಸ್ತೆ. ಇಷ್ಟು ಬೇಗ ಹಾಗನ್ಬೇಡಿ. ಬುಡದ ಮಣ್ಣು 25ರಿಂದ 30 ಡಿಗ್ರಿ ಇದ್ರೆ ಮೆಣಸು ಎಂಟು ಹತ್ತು ದಿನಕ್ಕೆ ಬರುತ್ತೆ. 15ಕ್ಕೆ ಇಳಿದ್ರೆ 25 ದಿನ ಹಿಡಿಯುತ್ತೆ. ಟ್ರೇನ ಕಿಟಕಿಯಿಂದ ತೆಗೆದು ಅಡುಗೆಮನೆಯ ಬೆಚ್ಚಗಿರೋ ಮೂಲೇಲಿ ಇಡಿ. ಬೀಜ ಕೆದಕಿ ನೋಡ್ಬೇಡಿ.

ಕುಂಬಳಪ್ರಿಯ: ಬೀಜ ಎಷ್ಟು ಹೊತ್ತು ನೆನೆಸ್ಬೇಕು ಮೇಡಂ?

ನರ್ಸರಿಯಕ್ಕ: ಹಾಗಲ, ಹೀರೆ, ಪಡವಲ ಒಂದು ರಾತ್ರಿ. ಟೊಮೇಟೊ, ಬದನೆ, ಮೆಣಸಿಗೆ ನೆನೆಸೋ ಅಗತ್ಯ ಇಲ್ಲ.

ಬಸಳೆಬಳ್ಳಿ: ಅಕ್ಕ, ನನ್ನ ದೊಣ್ಣೆಮೆಣಸು ಚೆನ್ನಾಗೇ ಬಂತು. ಮೂರನೇ ದಿನ ಬೆಳಗ್ಗೆ ನೋಡಿದ್ರೆ ಅರ್ಧ ಟ್ರೇ ಮಲಗಿತ್ತು. ನೀರು ತಪ್ಪಿಸಿಲ್ಲ, ದಿನಕ್ಕೆ ಮೂರು ಸಲ ಸ್ಪ್ರೇ. ಕೆಳಗೆ ಅತ್ತೆಯವರ ಬೆನ್ನುನೋವಿನ ಹೀಟಿಂಗ್ ಪ್ಯಾಡ್, ಮೇಲೆ ಪ್ಲಾಸ್ಟಿಕ್ ಕವರ್ ಹಾಗೇ ಇದೆ.

ನರ್ಸರಿಯಕ್ಕ: ಮೊದಲು ಆ ಪ್ಯಾಡ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಆಮೇಲೆ ಮುಂದಕ್ಕೆ ಓದಿ. ಅದು ಒಣ ಮೈಗೆ ಮಾಡಿದ್ದು. ನೀರು ಸೋರೋ ಟ್ರೇ ಅಡಿ ಇಟ್ರೆ ಶಾಕ್ ಹೊಡೆಯುತ್ತೆ.

ಇನ್ನು ಸಸಿ. ಬಿದ್ದಿರೋದ್ರ ಬುಡ ನೋಡಿ, ಮಣ್ಣಿಗೆ ತಾಗೋ ಕಡೆ ಕಂದುಬಣ್ಣಕ್ಕೆ ತಿರುಗಿ ದಾರದ ಹಾಗೆ ಸಣ್ಣಗಾಗಿದ್ರೆ ಅದು ಸಸಿ ಕೊಳೆ ರೋಗ, ಡ್ಯಾಂಪಿಂಗ್ ಆಫ್. ಪಿಥಿಯಂ, ರೈಜೋಕ್ಟೋನಿಯಾ ಥರದ ಮಣ್ಣಿನ ಬೂಷ್ಟುಗಳು ಮಾಡೋ ಕೆಲಸ. ಬಿದ್ದದ್ದು ಏಳಲ್ಲ. ಅವನ್ನೂ ಸುತ್ತಲಿನ ಕೋಕೊಪೀಟನ್ನೂ (ಟ್ರೇಗೆ ತುಂಬೋ ತೆಂಗಿನ ನಾರಿನ ಪುಡಿ) ತೆಗೆದು ಬಿಸಾಕಿ, ಗೊಬ್ಬರದ ಗುಂಡಿಗೆ ಹಾಕ್ಬೇಡಿ.

ಮೊಳಕೆ ಬರೋವರೆಗೆ ಬೇಕಾದ್ದು ಬೇರೆ, ಬಂದ ಮೇಲೆ ಬೇಕಾದ್ದು ಬೇರೆ. ನಮ್ಮಲ್ಲಿ ಬಿತ್ತಿದ ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸ್ತೀವಿ. ಕತ್ತಲು, ಬಿಸಿ, ತೇವ ಮೂರೂ ಇರುತ್ತೆ. ಮೊದಲ ಮೊಳಕೆ ಕಂಡ ದಿನವೇ ಇಳಿಸಿ ಬೆಳಕಿಗೆ ಹರಡ್ತೀವಿ. ಒಂದು ದಿನ ಸೋಮಾರಿತನ ಮಾಡಿದ್ರೂ ಕಾಂಡ ಬಿಳಿಚಿಕೊಂಡು ಉದ್ದ ಆಗ್ಬಿಡುತ್ತೆ. ನೀವು ಹೊದಿಕೇನೂ ಬಿಸೀನೂ ಹಾಗೇ ಬಿಟ್ರಿ, ಜೊತೆಗೆ ಮೇಲಿಂದ ನೀರು.

ಉಳಿದವನ್ನ ಈಗ್ಲೇ ಗಾಳಿ ಬೆಳಕು ಇರೋ ಕಡೆ ಇಡಿ. ಕೋಕೊಪೀಟ್ ಮೇಲ್ಭಾಗ ತಿಳಿಬಣ್ಣಕ್ಕೆ ತಿರುಗಿದ ಮೇಲೆ ಟ್ರೇನ ನೀರಿನ ತಟ್ಟೇಲಿ ಕಾಲು ಗಂಟೆ ಕೂರಿಸಿ ತೆಗೀರಿ. ಅದೂ ಬೆಳಗ್ಗೆ ಹೊತ್ತು. ಮುಂದಿನ ಸಲ ಬಿತ್ತೋ ಮುಂಚೆ ಕೋಕೊಪೀಟಿಗೆ ಟ್ರೈಕೋಡರ್ಮಾ ಬೆರೆಸಿ, ಅದು ರೋಗದ ಬೂಷ್ಟನ್ನ ತಡೆಯೋ ಒಳ್ಳೆ ಶಿಲೀಂಧ್ರ. ಒದ್ದೆ ಕೋಕೊಪೀಟ್ ಹಿಡಿಯಷ್ಟು ತಗೊಂಡು ಹಿಂಡಿದ್ರೆ ಎರಡು ಹನಿ ಬರ್ಬೇಕು, ಧಾರೆ ಬರ್ಬಾರ್ದು.

ಬಸಳೆಬಳ್ಳಿ: ಬುಡ ದಾರದ ಹಾಗೇ ಇದೆ ಅಕ್ಕ. ಪ್ಯಾಡ್ ತೆಗೆದೆ.

ಸುಬ್ಬುಮಾಮ: ಫಾರ್ವರ್ಡ್ ಆಗಿ ಬಂದಿದ್ದು: ಕುದಿಯೋ ನೀರಿಗೆ ಅಡುಗೆ ಸೋಡಾ, ಎರಡು ತಲೆನೋವಿನ ಮಾತ್ರೆ ಹಾಕಿ ಬೀಜ ನೆನೆಸಿದ್ರೆ 24 ಗಂಟೇಲಿ ಮೊಳಕೆ ಗ್ಯಾರಂಟಿ!!

ನರ್ಸರಿಯಕ್ಕ: ಕುದಿಯೋ ನೀರಿಗೆ ಹಾಕಿದ್ರೆ ಬೀಜ ಬೇಯುತ್ತೆ. ಯಾರೂ ಮಾಡ್ಬೇಡಿ. ತಲೆನೋವು ಈಗ ನನಗೆ.

ಜವಾರಿಬೀಜ: ಇದೆಲ್ಲ ಯಾಕೆ? ಬೀಜಾಮೃತ ಸಾಕು. ಸಗಣಿ, ಗಂಜಲ, ಸುಣ್ಣ. ಕೋಕೊಪೀಟ್ ವ್ಯಾಪಾರಿಗಳ ಹುನ್ನಾರ.

ಡಾಟಾತಾತ: ಫ್ಲ್ಯಾಟಿನ ಹಾಲಲ್ಲಿ ಗಂಜಲ ಇಟ್ಕೊಂಡು ನೋಡಿ ಸ್ವಾಮಿ.

ಜವಾರಿಬೀಜ: ಹೈಬ್ರಿಡ್ ತಿಂದು ಬೆಳೆದವರಿಗೆ ವಾಸನೆ ಜಾಸ್ತಿ.

ಡಾಟಾತಾತ: ಹೋದ ವರ್ಷ ಅರ್ಕ ರಕ್ಷಕ್ ಟೊಮೇಟೊ ಹಣ್ಣಿಂದ ಬೀಜ ತೆಗೆದು "ನಾಟಿ" ಅಂತ ಹಂಚಿದ್ದು ಯಾರು? ಅದು ಹೈಬ್ರಿಡ್. ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ ಬಂತು.

ಜವಾರಿಬೀಜ: ದುಡ್ಡು ಕೇಳಿದ್ನಾ ನಿಮ್ಮನ್ನ?

ಡ್ಯಾಲಸ್ ಕನ್ನಡತಿ: ಇಲ್ಲಿ ಅಪಾರ್ಟ್‌ಮೆಂಟಲ್ಲಿ ಬದನೆ ಬಿತ್ತೋಕೆ ಯಾವ ಲೈಟ್ ತಗೊಳ್ಳಲಿ?

ಅಡ್ಮಿನ್: ಇಬ್ಬರೂ ಜಗಳ ನಿಲ್ಸಿ.

ನರ್ಸರಿಯಕ್ಕ: ಬೀಜಾಮೃತ ಹೊಲದ ಬಿತ್ತನೆಗೆ ಮಾಡೋರು ಮಾಡಲಿ. ಮುಚ್ಚಿದ ಟ್ರೇಗೆ ಹಸಿ ಸಗಣಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಚರ್ಚೆಗೆ ನಾನು ಬರಲ್ಲ.

ಹೊಸಸದಸ್ಯ: ಮೇಡಂ ಬೀಜ ಎಷ್ಟು ಹೊತ್ತು ನೆನೆಸ್ಬೇಕು?

ನರ್ಸರಿಯಕ್ಕ: ಮೇಲೆ ಇದೆ.

ಹೊಸಸದಸ್ಯ: ಕ್ಯಾರೆಟ್‌ನೂ ಟ್ರೇಲಿ ಹಾಕ್ಬಹುದಾ?

ಸುಬ್ಬುಮಾಮ: ಅರಿಶಿನದ ನೀರು ಆಗುತ್ತಾ? ಇದು ಡಾಕ್ಟರ್ ಹೇಳಿದ್ದು.

ನರ್ಸರಿಯಕ್ಕ: ಮಾಮ, ದಯವಿಟ್ಟು.

ಕುಂಬಳಪ್ರಿಯ: ಅಂಗಡಿಯಿಂದ ತಂದ ಬೀನ್ಸ್ ಬೀಜ ಗುಲಾಬಿ ಬಣ್ಣ ಇದೆ. ಒಂದು ಬಟ್ಟಲು ಉಳಿದಿದೆ. ತೊಳೆದು ಹುಳಿಗೆ ಹಾಕ್ಬಹುದಲ್ವಾ?

ನರ್ಸರಿಯಕ್ಕ: ಬೇಡ! ಆ ಬಣ್ಣ ಹಾಕೋದೇ ಯಾರೂ ತಿನ್ಬಾರ್ದು ಅಂತ. ಥೈರಾಮ್ ಥರದ ಶಿಲೀಂಧ್ರನಾಶಕ ಲೇಪಿಸಿರ್ತಾರೆ. ತೊಳೆದ್ರೂ ಬೇಡ, ಬೇಯಿಸಿದ್ರೂ ಬೇಡ, ಕೋಳಿಗೂ ಹಾಕ್ಬೇಡಿ. ಮುಟ್ಟಿದ್ರೆ ಸೋಪಲ್ಲಿ ಕೈ ತೊಳೀರಿ. ಅಡುಗೆಮನೆ ಬಟ್ಟಲಲ್ಲಿ ಇಟ್ಟಿದ್ರೆ ಆ ಬಟ್ಟಲು ಇನ್ಮೇಲೆ ತೋಟಕ್ಕೆ. ಮಕ್ಕಳಿದ್ದಾರಾ ಮನೇಲಿ? ಬೀಜ ಈಗ ಎಲ್ಲಿಟ್ಟಿದ್ದೀರಿ, ಅದನ್ನ ಮೊದಲು ಹೇಳಿ.