ಬಂಡೂರು ಕುರಿ: 96 ಹೆಣ್ಣಿಗೆ 2 ಟಗರು ಸಾಕಾ?

ಹೆಬ್ಬಾಳ ಪಿಜಿ
ನಮಸ್ಕಾರ. ದೊಡ್ಡಬಳ್ಳಾಪುರದ ಕಡೆ ಒಂದು ಬಂಡೂರು ಹಿಂಡಿಗೆ ತಳಿ ಸಂರಕ್ಷಣೆ ಪ್ಲ್ಯಾನ್ ಬರೀಬೇಕು. 96 ಹೆಣ್ಣು, 2 ಟಗರು. ಇನ್‌ಬ್ರೀಡಿಂಗ್ (ಹತ್ತಿರದ ರಕ್ತಸಂಬಂಧದಲ್ಲೇ ಕೂಡೋದು) ತಗ್ಗಲಿ ಅಂತ ಮಾಲೀಕರು ಹೆಣ್ಣುಗಳನ್ನ ದುಪ್ಪಟ್ಟು ಮಾಡೋಕೆ ಹೊರಟಿದ್ದಾರೆ. ಸರಿನಾ? ಮರಿಗಳ ಅಪ್ಪ ಯಾವುದು ಅನ್ನೋ ದಾಖಲೆಯೂ ಇಲ್ಲ. ಡಿಎನ್‌ಎ ಮಾಡಿಸೋದಾದ್ರೆ ರಕ್ತ ಹೇಗೆ ತೆಗೀಬೇಕು?

ತಳಿಲೆಕ್ಕ
ಆ ದುಡ್ಡನ್ನ ಟಗರಿಗೆ ಹಾಕಿಸಿ. ಗಂಡು, ಹೆಣ್ಣು ಎರಡನ್ನೂ ಗುಣಿಸಿ, 4ರಿಂದ ಮತ್ತೆ ಗುಣಿಸಿ, ಒಟ್ಟು ತಲೆ ಲೆಕ್ಕದಿಂದ ಭಾಗಿಸಿ. ಇದು ಹಿಂಡಿನ ಪರಿಣಾಮಕಾರಿ ಸಂಖ್ಯೆ, ನಿಮ್ಮ ಹಿಂಡಿಗೆ 7.8 ಬರುತ್ತೆ. ಕೊಟ್ಟಿಗೆಯಲ್ಲಿ 98 ಇದ್ರೂ ತಳಿಯ ಲೆಕ್ಕಕ್ಕೆ ಎಂಟೂ ಇಲ್ಲ. ಹೆಣ್ಣು 192 ಮಾಡಿದ್ರೆ 7.9, ಅಷ್ಟೇ. ಅದೇ 96ಕ್ಕೆ 8 ಟಗರು ಬಿಟ್ರೆ 29.5. ಪ್ರತಿ ಪೀಳಿಗೆಗೆ ಏರೋ ಇನ್‌ಬ್ರೀಡಿಂಗ್ 6.4%ರಿಂದ 1.7%ಕ್ಕೆ ಇಳಿಯುತ್ತೆ. ಹೊಸ ಟಗರುಗಳು ಬೇರೆ ಬೇರೆ ಊರಿನ ಹಿಂಡಿಂದ ಬರಲಿ. ಒಂದೇ ಅಪ್ಪನ ಮಕ್ಕಳನ್ನ ತಂದ್ರೆ ಈ ಲೆಕ್ಕ ಕಾಗದದಲ್ಲೇ ಉಳಿಯುತ್ತೆ.

ಕುರಿಹಟ್ಟಿ
ಟಗರು ತಂದರೆ ಸಾಲದು, ಸರದಿ ಬೇಕು. 24 ಹೆಣ್ಣಿಗೆ 2 ಟಗರಿನಂತೆ ನಾಲ್ಕು ಗುಂಪು ಮಾಡಿ. ಹೆಣ್ಣುಮರಿ ತಾಯಿಯ ಗುಂಪಲ್ಲೇ ಇರಲಿ, ಆಯ್ದ ಗಂಡುಮರಿ ಬೆಳೆದ ಮೇಲೆ ಪಕ್ಕದ ಗುಂಪಿಗೆ ಹೋಗಲಿ. ಯಾವಾಗಲೂ ಒಂದೇ ದಿಕ್ಕು. ಹಳೇ ಟಗರನ್ನ ಮಗಳು ಬೆದೆಗೆ ಬರೋ ಮುಂಚೆ ತೆಗೀಲೇಬೇಕು. ಅಪ್ಪ–ಮಗಳು ಕೂಡಿದ್ರೆ ಆ ಮರಿಯಲ್ಲಿ ಇನ್‌ಬ್ರೀಡಿಂಗ್ ಒಂದೇಟಿಗೆ 25%. ಬಹಳ ಕಡೆ ತಪ್ಪೋದು ಇಲ್ಲೇ. ಗಂಡುಮರಿಗಳನ್ನೂ 3 ತಿಂಗಳಿಗೇ ಬೇರೆ ಮಾಡಿ.

ಹೆಬ್ಬಾಳ ಪಿಜಿ
ಗುಂಪಲ್ಲಿ 2 ಟಗರಿದ್ರೆ ಅಪ್ಪ ಯಾವುದು ಅಂತ ಮತ್ತೆ ಗೊಂದಲ ಅಲ್ವಾ ಸರ್?

ಕುರಿಹಟ್ಟಿ
ಹೌದು, ಅದಕ್ಕೇ ಕೂಡಿಸೋವಾಗ ಮಾತ್ರ 12–12 ಮಾಡಿ, ಒಂದು ದೊಡ್ಡಿಗೆ ಒಂದೇ ಟಗರು, 35 ದಿನ. ಬೆದೆ ಸುಮಾರು 17 ದಿನಕ್ಕೊಮ್ಮೆ, ಹಾಗಾಗಿ ಎರಡು ಸುತ್ತು ಸಿಗುತ್ತೆ. ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಿದ್ರೆ ಹತ್ತಿದ ಕುರಿಯ ಬೆನ್ನ ಮೇಲೆ ಗುರುತು ಬೀಳುತ್ತೆ. ಮೊದಲ ಸುತ್ತಿಗೆ ಹಳದಿ, ಎರಡನೇದಕ್ಕೆ ಕೆಂಪು. ಉಲ್ಟಾ ಮಾಡಿದ್ರೆ ಕೆಂಪಿನ ಮೇಲೆ ಹಳದಿ ಕಾಣಲ್ಲ. ಎರಡು ಬಣ್ಣವೂ ಬಿದ್ದ ಕುರಿ ಮೊದಲ ಸಲ ಗಬ್ಬ ನಿಂತಿಲ್ಲ ಅಂತ ತಿಳೀರಿ.

ಲ್ಯಾಬ್ ಮೇಜು
ರಕ್ತ: ಕುತ್ತಿಗೆಯ ರಕ್ತನಾಳದಿಂದ 5 ಮಿಲಿ, ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಟ್ಯೂಬಿಗೆ. ತಕ್ಷಣ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕಬೇಡಿ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡವೇ ಬೇಡ, ಹೆಪಾರಿನ್ ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸೋ ವಿಧಾನ) ಕೆಡಿಸುತ್ತೆ. ಐಸ್ ಬಾಕ್ಸಲ್ಲಿ ತನ್ನಿ. ಮರಿ, ತಾಯಿ, ಅನುಮಾನದ ಟಗರುಗಳು, ಎಲ್ಲದರದ್ದೂ ಬೇಕು. ಕಿವಿಯ ಓಲೆ ನಂಬರನ್ನ ಮುಚ್ಚಳದ ಮೇಲಲ್ಲ, ಟ್ಯೂಬಿನ ಮೈಮೇಲೆ ಬರೆದು ಟೇಪ್ ಸುತ್ತಿ. ಮುಚ್ಚಳ ಅದಲುಬದಲಾಗುತ್ತೆ, ಐಸಿನ ನೀರಿಗೆ ಇಂಕೂ ಅಳಿಸಿಹೋಗುತ್ತೆ.